ನಿಯೋವಿಮ್ 0.11: ಖಾಲಿ ಕಡತದಿಂದ ಶುರು ಮಾಡುವ ಕಾಲ ಬಂದಿದೆ

ಕೋಡ್ ಬರೆಯಲು ಬಳಸುವ ನಿಯೋವಿಮ್ ಎಡಿಟರನ್ನು ಪ್ರೋಗ್ರಾಮಿಂಗಿಗೆ ಹದ ಮಾಡಿಕೊಳ್ಳುವುದೆಂದರೆ ಮೊದಲೆಲ್ಲ ಪ್ಲಗಿನ್ (ಬೇರೆಯಾಗಿ ಸೇರಿಸುವ ಸೌಲಭ್ಯ) ಗುಡ್ಡೆ ಹಾಕುವುದೇ ಆಗಿತ್ತು. ಲ್ಯಾಂಗ್ವೇಜ್ ಸರ್ವರ್ (ಕೋಡ್ ಓದಿ ತಪ್ಪು, ಸಲಹೆ ತಿಳಿಸುವ ಪ್ರೋಗ್ರಾಂ) ಜೋಡಿಸಲು ಒಂದು, ಕಮೆಂಟ್ ಹಾಕಿ ತೆಗೆಯಲು ಇನ್ನೊಂದು, ಆಟೋಕಂಪ್ಲೀಟಿಗೆ ಮೂರೋ ನಾಲ್ಕೋ. 2024ರ 0.10ರಲ್ಲಿ ಕಮೆಂಟ್ ಸೌಲಭ್ಯ ಒಳಗೇ ಬಂತು. 2025ರ ಮಾರ್ಚ್‌ನಲ್ಲಿ ಬಂದ 0.11ರಲ್ಲಿ ಲ್ಯಾಂಗ್ವೇಜ್ ಸರ್ವರ್ ಜೋಡಣೆಯೂ ಕೆಲವೇ ಸಾಲಿಗೆ ಇಳಿಯಿತು. ಇನ್ನು ಬೇರೆಯವರ ಉದ್ದನೆಯ ಸೆಟ್ಟಿಂಗ್ ನಕಲು ಮಾಡಬೇಕಿಲ್ಲ, ಸೆಟ್ಟಿಂಗ್ ಬರೆಯುವ ಇನಿಟ್.ಲುವಾ ಕಡತವನ್ನು ಖಾಲಿ ಇಟ್ಟು ಅಲ್ಲಿಂದ ಹೊರಟರೆ ಸಾಕು.

ಸಿ ಭಾಷೆಗೆ ಕ್ಲ್ಯಾಂಗ್‌ಡಿ ಎಂಬ ಲ್ಯಾಂಗ್ವೇಜ್ ಸರ್ವರ್ ಜೋಡಿಸುವುದನ್ನೇ ನೋಡಿ. ಸೆಟ್ಟಿಂಗ್ ಫೋಲ್ಡರಿನೊಳಗೆ ಎಲ್‌ಎಸ್‌ಪಿ ಎಂಬ ಫೋಲ್ಡರ್, ಅದರಲ್ಲಿ ಕ್ಲ್ಯಾಂಗ್‌ಡಿ.ಲುವಾ ಕಡತ. ಅದರ ಟೇಬಲ್‌ನಲ್ಲಿ ಮೂರೇ ಅಂಶ: ಓಡಿಸಬೇಕಾದ ಕಮಾಂಡ್, ಅದು ಯಾವ ಬಗೆಯ ಕಡತಗಳಿಗೆ, ಪ್ರಾಜೆಕ್ಟಿನ ಮೂಲ ಫೋಲ್ಡರನ್ನು ಗುರುತಿಸುವ ಕಡತದ ಹೆಸರು. ಆಮೇಲೆ ಇನಿಟ್.ಲುವಾದಲ್ಲಿ ವಿಮ್.ಎಲ್‌ಎಸ್‌ಪಿ.ಎನೇಬಲ್ ಎಂದು ಒಂದು ಸಾಲು. ಸರ್ವರ್ ಎಡಿಟರಿನ ಜೊತೆ ಬರುವುದಿಲ್ಲ, ಅದನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಿರಬೇಕು. ಜೋಡಣೆ ಆಗದಿದ್ದರೆ ಚೆಕ್‌ಹೆಲ್ತ್ ಕಮಾಂಡಿಗೆ ವಿಮ್.ಎಲ್‌ಎಸ್‌ಪಿ ಎಂದು ಸೇರಿಸಿ ಓಡಿಸಿ, ಯಾವುದು ಓಡುತ್ತಿದೆ ಎಂದು ಕಾಣುತ್ತದೆ. ಸರ್ವರ್ ಓಡುತ್ತಿದ್ದೂ ಹೆಡರ್ ಸಿಗುತ್ತಿಲ್ಲ ಎಂದು ಸಾಲುಸಾಲು ತಪ್ಪು ತೋರಿಸಿದರೆ ದೋಷ ಸಾಮಾನ್ಯವಾಗಿ ಎಡಿಟರಿನದಲ್ಲ: ಪ್ರಾಜೆಕ್ಟನ್ನು ಹೇಗೆ ಕಂಪೈಲ್ ಮಾಡಬೇಕೆಂದು ಸರ್ವರಿಗೆ ತಿಳಿಸುವ ಕಂಪೈಲ್ ಕಮಾಂಡ್‌ಗಳ ಜೇಸನ್ ಕಡತ ಇಲ್ಲವೆಂದು ಅರ್ಥ.

0.11ಕ್ಕೆ ಬಂದವರನ್ನು ಗಾಬರಿಗೊಳಿಸುವುದು ಇನ್ನೊಂದು. ಸಾಲಿನ ಕೊನೆಯಲ್ಲಿ ಕಾಣುತ್ತಿದ್ದ ತಪ್ಪಿನ ವಿವರ ಮಾಯವಾಗಿರುತ್ತದೆ. ಅದೀಗ ಕೇಳಿದರೆ ಮಾತ್ರ ಬರುತ್ತದೆ. ವಿಮ್.ಡಯಾಗ್ನೋಸ್ಟಿಕ್.ಕಾನ್ಫಿಗ್‌ನಲ್ಲಿ ವರ್ಚುವಲ್ ಟೆಕ್ಸ್ಟ್ (ಸಾಲಿನ ಕೊನೆಯ ಆ ವಿವರ) ಆನ್ ಮಾಡಿ. ಆನ್ ಮಾಡದೆಯೂ ಕಂಟ್ರೋಲ್ ಡಬ್ಲ್ಯೂ, ನಂತರ ಡಿ ಒತ್ತಿದರೆ ಪುಟ್ಟ ಕಿಟಕಿಯಲ್ಲಿ ವಿವರ ತೆರೆಯುತ್ತದೆ. ಪರದೆ ತಿಳಿಯಾಗಿರಬೇಕು ಎನ್ನುವವರಿಗೆ ಇದೇ ಮೇಲು.

ಹಳೆಯ ಸೆಟ್ಟಿಂಗ್ ಇಟ್ಟುಕೊಂಡವರಿಗೆ ದೊಡ್ಡ ಕಿರಿಕಿರಿ ಜಿ, ಆರ್ ಕೀಲಿಗಳದ್ದು. ಒಂದು ಫಂಕ್ಷನ್ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ನೋಡಲು ಈ ಎರಡು ಕೀಲಿಗಳನ್ನು ಮ್ಯಾಪ್ ಮಾಡಿಕೊಂಡವರು (ಅವಕ್ಕೆ ಆ ಕೆಲಸ ಹಚ್ಚಿಕೊಂಡವರು) ಬಹಳ. 0.11 ತಾನಾಗಿಯೇ ಜಿಆರ್‌ಎನ್ (ಹೆಸರು ಬದಲು), ಜಿಆರ್‌ಎ (ತಿದ್ದುಪಡಿ ಸಲಹೆ), ಜಿಆರ್‌ಆರ್ (ಬಳಕೆಯ ಜಾಗಗಳು) ಎಂದು ಮ್ಯಾಪ್ ಮಾಡಿದೆ. ಆದ್ದರಿಂದ ಜಿ, ಆರ್ ಒತ್ತಿದ ಮೇಲೆ ಮೂರನೆಯ ಕೀಲಿ ಬರುತ್ತದೇನೋ ಎಂದು ಎಡಿಟರ್ ಕಾಯುತ್ತದೆ. ಎಷ್ಟು ಹೊತ್ತು? ಟೈಮ್‌ಔಟ್‌ಲೆನ್ ಎಂಬ ಸೆಟ್ಟಿಂಗ್ ಹೇಳುವಷ್ಟು, ಮೊದಲಿಂದ ಇರುವುದು 1000 ಮಿಲಿಸೆಕೆಂಡ್. ಪ್ರತಿ ಸಲ ಒಂದು ಸೆಕೆಂಡ್ ನಿಂತರೆ ಕೈಯ ಲಯವೇ ತಪ್ಪುತ್ತದೆ. ಸಮಯವನ್ನು 300ಕ್ಕೆ ಇಳಿಸುವುದು ತೇಪೆ ಕೆಲಸ, ನಿಧಾನವಾಗಿ ಒತ್ತುವವರಿಗೆ ಉದ್ದನೆಯ ಮ್ಯಾಪ್‌ಗಳೇ ಕೈಕೊಡುತ್ತವೆ. ಹಳೆಯ ಮ್ಯಾಪ್ ಅಳಿಸಿ ಜಿಆರ್‌ಆರ್ ರೂಢಿಸಿಕೊಳ್ಳುವುದೇ ಸರಿಯಾದ ದಾರಿ. ಯಾವ ಕೀಲಿ ಎಲ್ಲಿ ಮ್ಯಾಪ್ ಆಗಿದೆ ಎಂದು ತಿಳಿಯದಿದ್ದರೆ ವರ್ಬೋಸ್ ಎನ್‌ಮ್ಯಾಪ್ ಎಂದು ಬರೆದು ಮುಂದೆ ಕೀಲಿಯನ್ನು ಕೊಡಿ.

0.11ರಲ್ಲಿ ಒಳಗೇ ಬಂದಿರುವ ಆಟೋಕಂಪ್ಲೀಟ್ ಅಷ್ಟು ಮಾಗಿಲ್ಲ. ಪಟ್ಟಿಯನ್ನು ತಾನಾಗಿ ತೆರೆಯುವ ಆಟೋಟ್ರಿಗರ್ ಆನ್ ಮಾಡಿದರೂ ಸರ್ವರ್ ಹೇಳಿದ ಚುಕ್ಕೆಯಂಥ ಅಕ್ಷರಗಳಿಗಷ್ಟೇ ಪಟ್ಟಿ ಏಳುತ್ತದೆ, ಪ್ರತಿ ಅಕ್ಷರಕ್ಕೂ ಅಲ್ಲ. ಕಂಪ್ಲೀಟ್‌ಆಪ್ಟ್ ಸೆಟ್ಟಿಂಗಿಗೆ ನೋಸೆಲೆಕ್ಟ್ ಸೇರಿಸದಿದ್ದರೆ ಮೊದಲ ಪದ ಕೇಳದೆಯೇ ಸಾಲಿಗೆ ಬಂದು ಕೂರುತ್ತದೆ. ಟೈಪ್ ಮಾಡುತ್ತಲೇ ಪಟ್ಟಿ ಬೇಕೆನ್ನುವವರಿಗೆ 0.11ರಲ್ಲಿ ಪ್ಲಗಿನ್ನೇ ಸುಲಭ. ಕಡತ ಹುಡುಕುವುದಕ್ಕೂ ಹಾಗೆಯೇ, ಟೆಲಿಸ್ಕೋಪ್ ಅಥವಾ ಎಫ್‌ಝಡ್‌ಎಫ್ ಲುವಾ ಬೇಕಾಗುತ್ತದೆ. ಪ್ಲಗಿನ್‌ಗಳನ್ನು ನೋಡಿಕೊಳ್ಳುವ ಲೇಜಿ.ಎನ್‌ವಿಮ್ ಮೂಲಕ ಹಾಕಿಕೊಂಡರೆ ಅದು ಬರೆಯುವ ಲಾಕ್ ಕಡತವನ್ನು (ಯಾವ ಪ್ಲಗಿನ್ನಿನ ಯಾವ ಆವೃತ್ತಿ ಎಂಬ ಪಟ್ಟಿ) ಗಿಟ್‌ನಲ್ಲಿ ಇಡಿ. ಅಪ್‌ಡೇಟ್ ಮಾಡಿ ಏನಾದರೂ ಕೆಟ್ಟರೆ ಆ ಕಡತದ ಹಳೆಯ ಪ್ರತಿ ತಂದು ಲೇಜಿ ರಿಸ್ಟೋರ್ ಕೊಟ್ಟರೆ ಮೊದಲಿನಂತಾಗುತ್ತದೆ.

ಲುವಾ ಕಡತದಲ್ಲಿ ಬರೆಯುವ ಕ್ರಮಕ್ಕೆ ಬೆಲೆಯಿದೆ. ಲೀಡರ್ ಕೀಲಿಯನ್ನು (ನಮ್ಮದೇ ಮ್ಯಾಪ್‌ಗಳ ಶುರುವಿಗೆ ಒತ್ತುವ ಕೀಲಿ) ಮ್ಯಾಪ್‌ಗಳಿಗಿಂತ ಮೊದಲೇ ಹೇಳಬೇಕು. ಆಮೇಲೆ ಹೇಳಿದರೆ ಮೇಲಿನ ಮ್ಯಾಪ್‌ಗಳೆಲ್ಲ ಹಳೆಯ ಹಿಂಗೆರೆ (ಬ್ಯಾಕ್‌ಸ್ಲ್ಯಾಶ್) ಕೀಲಿಗೇ ಅಂಟಿಕೊಂಡಿರುತ್ತವೆ. ನಡುವೆ ಒಂದು ಸಾಲಿನಲ್ಲಿ ತಪ್ಪಿದ್ದರೆ ಅದರ ಕೆಳಗಿನದ್ಯಾವುದೂ ಓಡುವುದಿಲ್ಲ. "ಎಲ್ಲ ಸೆಟ್ಟಿಂಗೂ ಹೋಯಿತು" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಬಿಟ್ಟುಹೋದ ಒಂದು ಅಲ್ಪವಿರಾಮ. ನಮ್ಮ ಸೆಟ್ಟಿಂಗ್ ಬಿಟ್ಟು ತೆರೆಯುವ ಕ್ಲೀನ್ ಆಯ್ಕೆ ಕೊಟ್ಟು ತೆರೆದಾಗಲೂ ತೊಂದರೆ ಉಳಿದರೆ ಮಾತ್ರ ಎಡಿಟರನ್ನು ಅನುಮಾನಿಸಿ.

ಕ್ಲಿಪ್‌ಬೋರ್ಡ್ ಸೆಟ್ಟಿಂಗನ್ನು ಅನ್‌ನೇಮ್ಡ್‌ಪ್ಲಸ್ ಮಾಡಿದರೆ ಎಡಿಟರಿನಲ್ಲಿ ನಕಲು ಮಾಡಿದ್ದು ಬ್ರೌಸರಿನಲ್ಲಿ ಅಂಟಿಸಲು ಸಿಗುತ್ತದೆ. ಲಿನಕ್ಸ್‌ನಲ್ಲಿ ಎಕ್ಸ್‌ಕ್ಲಿಪ್, ಪರದೆ ವ್ಯವಸ್ಥೆ ವೇಲ್ಯಾಂಡ್ ಆದರೆ ಡಬ್ಲ್ಯೂಎಲ್ ಕ್ಲಿಪ್‌ಬೋರ್ಡ್ ಹಾಕಿರಬೇಕು. ಆದರೆ ಅಳಿಸಿದ್ದೂ ಅಲ್ಲಿಗೇ ಹೋಗುತ್ತದೆ: ಬ್ರೌಸರಿನಿಂದ ತಂದದ್ದನ್ನು ಅಂಟಿಸುವ ಮುನ್ನ ಡಿಡಿ ಒತ್ತಿ ಸಾಲು ತೆಗೆದಿರೋ, ತಂದದ್ದು ಹೋಯಿತು. ಆ ಸೆಟ್ಟಿಂಗ್ ಬಿಟ್ಟು, ಬೇಕಾದಾಗ ಮಾತ್ರ ಉದ್ಧರಣ ಚಿಹ್ನೆ, ಪ್ಲಸ್, ವೈ ಬಳಸುವುದು ನೆಮ್ಮದಿ.