7.62 ಎಸ್‌ಎಲ್‌ಆರ್: ವರ್ಷಗಟ್ಟಲೆ ಹೊತ್ತವನ ವಿಮರ್ಶೆ

ಸೇನೆಯಲ್ಲಿ ನನಗೆ ಮೊದಲು ಸಿಕ್ಕ ರೈಫಲ್ ಇಶಾಪುರ ಕಾರ್ಖಾನೆಯ 1ಎ1 ಎಸ್‌ಎಲ್‌ಆರ್, ಅಂದರೆ ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವ ಸೆಲ್ಫ್ ಲೋಡಿಂಗ್ ರೈಫಲ್. ಅದರ ಗುಂಡಿನ ಅಳತೆ 7.62 ಮಿ.ಮೀ. ಆಮೇಲೆ ನಮ್ಮ ದೇಶದಲ್ಲೇ ಮಾಡಿದ, 5.56 ಮಿ.ಮೀ. ಗುಂಡಿನ ಇನ್ಸಾಸ್ ರೈಫಲ್ ಬಂತು. ಎರಡನ್ನೂ ಬೇಕಾದಷ್ಟು ಬಳಸಿದ್ದೇನೆ. ಈಗಿನ ಹುಡುಗರು ಎಸ್‌ಎಲ್‌ಆರ್ ಅಂದರೆ ಹಳೇ ಕಬ್ಬಿಣ ಅಂತ ತಳ್ಳಿಹಾಕುತ್ತಾರೆ. ಅದು ಸರಿಯಲ್ಲ. ಆ ರೈಫಲ್ ಕೆಟ್ಟು ಮೂಲೆಗೆ ಹೋಗಲಿಲ್ಲ. ಗುಂಡಿನ ಅಳತೆ ಬದಲಾಯಿತು, ಅದರ ಜೊತೆ ರೈಫಲ್ಲೂ ಹೋಯಿತು.

ಇದು ಮೂಲದಲ್ಲಿ ಬೆಲ್ಜಿಯಂನ ಎಫ್‌ಎಎಲ್. ಅದನ್ನು ರೂಪಿಸಿದವರು ಮೊದಲು ಇಟ್ಟುಕೊಂಡಿದ್ದು ಸಣ್ಣ ಗುಂಡನ್ನೇ. ಅಮೆರಿಕ ಪಟ್ಟು ಹಿಡಿದು ನೇಟೋಗೆ 7.62 ಒಪ್ಪಿಸಿದ ಮೇಲೆ ರೈಫಲ್ಲನ್ನು ಆ ಗುಂಡಿಗೆ ತಕ್ಕಂತೆ ದೊಡ್ಡದು ಮಾಡಿದರು. 90ಕ್ಕೂ ಹೆಚ್ಚು ದೇಶಗಳ ಕೈಗೆ ಅದು ಹೋಯಿತು. 1982ರ ಫಾಕ್ಲೆಂಡ್ ಯುದ್ಧದಲ್ಲಿ ಬ್ರಿಟಿಷರ ಹತ್ತಿರವೂ ಅದೇ, ಅರ್ಜೆಂಟೀನಾದವರ ಹತ್ತಿರವೂ ಅದೇ! ನಮ್ಮಲ್ಲಿ 1962ರ ಚೀನಾ ಯುದ್ಧಕ್ಕೆ ಹೋದವರು ಪ್ರತಿ ಗುಂಡಿಗೂ ಬೋಲ್ಟ್ ಎಳೆಯುವ .303 ರೈಫಲ್ ಹಿಡಿದಿದ್ದರು. ಆ ನೋವಿನ ನಂತರವೇ ಎಸ್‌ಎಲ್‌ಆರ್ ನಮ್ಮ ಪಡೆಗಳಿಗೆ ಬಂದಿದ್ದು.

ಕೈಯಲ್ಲಿ ಹೇಗಿತ್ತು? ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು. ಅದರಿಂದ ಗುರಿಯ ಮೇಲೆ ಗಮನ ತಾನಾಗಿ ಬರುತ್ತಿತ್ತು, ಸುಮ್ನೆ ಗುಂಡು ಸುರಿಯುವ ಚಟ ಇರಲಿಲ್ಲ. 300 ಮೀಟರಿನ ಫೈರಿಂಗಿನಲ್ಲಿ ಅದರ ಮೇಲೆ ನನಗಿದ್ದ ನಂಬಿಕೆ ಬೇರೆ ಯಾವುದರ ಮೇಲೂ ಬರಲಿಲ್ಲ. ಶುಚಿ ಮಾಡುವುದೂ ಸುಲಭ. ಲಿವರ್ ಒತ್ತಿ, ನಮ್ಮೂರಿನ ತೋಟದ ಕೋವಿ ಮುರಿದ ಹಾಗೆ ಮುರಿದರೆ ಒಳಗಿನದೆಲ್ಲ ಕೈಗೆ ಬರುತ್ತದೆ. ಪುಲ್‌ಥ್ರೂ ಅನ್ನುವ ಹಗ್ಗಕ್ಕೆ ಚಿಂದಿ ಸಿಕ್ಕಿಸಿ ಬ್ಯಾರಲ್ಲಿನೊಳಗೆ ಎಳೆದು, ಗುಂಡಿನ ಗ್ಯಾಸ್ ತಳ್ಳುವ ಪಿಸ್ಟನ್ ಮೇಲಿನ ಮಸಿ ಒರೆಸಿದರೆ ಮುಕ್ಕಾಲು ಕೆಲಸ ಮುಗೀತು.

ಕಷ್ಟಗಳೂ ಇದ್ದವು. ಖಾಲಿ ರೈಫಲ್ಲೇ ನಾಲ್ಕು ಕೆಜಿ ದಾಟುತ್ತದೆ. ಉದ್ದ ಒಂದು ಮೀಟರಿಗೂ ಜಾಸ್ತಿ. ಟ್ರಕ್ಕಿನಿಂದ ಇಳಿಯುವಾಗ, ಬಂಕರಿನೊಳಗೆ ತಿರುಗುವಾಗ ಎಲ್ಲಾದರೂ ತಗಲುತ್ತಿತ್ತು. ಮ್ಯಾಗಜೀನಿಗೆ 20 ಗುಂಡು, ಅದೂ ಭಾರದ ಗುಂಡು. ಹೊಸಬರ ಭುಜ ಒದೆತಕ್ಕೆ ಕೆಂಪಾಗುತ್ತಿತ್ತು.

ಇನ್ಸಾಸ್ ಬಂದಾಗ ಮೊದಲು ಖುಷಿಯಾಗಿದ್ದು ಭುಜಕ್ಕೇ. 5.56ರ ಒದೆತ ಕಡಿಮೆ, ಅದೇ ತೂಕಕ್ಕೆ ಗುಂಡು ಜಾಸ್ತಿ ಹೊರಬಹುದು. ಅಷ್ಟರಲ್ಲಿ 7.62ಕ್ಕೆ ಪಟ್ಟು ಹಿಡಿದಿದ್ದ ಅಮೆರಿಕವೇ 5.56ರ ಎಂ16 ರೈಫಲ್ ಹಿಡಿದಾಗಿತ್ತು, ಬ್ರಿಟನ್ ಕೂಡ 1980ರ ದಶಕದಲ್ಲಿ 5.56ಕ್ಕೆ ಬದಲಾಗಿತ್ತು. ಗುರಿಯಲ್ಲೂ ಇನ್ಸಾಸ್ ಕಳಪೆ ಅಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಆದರೆ ಕಾರ್ಗಿಲ್ ಸಮಯದಲ್ಲಿ ಚಳಿಗೆ ಅದರ ಪ್ಲಾಸ್ಟಿಕ್ ಮ್ಯಾಗಜೀನ್ ಬಿರುಕು ಬಿಟ್ಟ ದೂರು ಪತ್ರಿಕೆಗಳಲ್ಲೇ ಬಂತು. ಅಲ್ಲಿಂದ ಹೆಸರು ಕೆಟ್ಟಿದ್ದು ಸರಿಹೋಗಲೇ ಇಲ್ಲ. ಕಾಶ್ಮೀರದಲ್ಲಿ ಹತ್ತಿರದ ಕಾಳಗಕ್ಕೆ ಎಲ್ಲರೂ ಎಕೆ ಕೇಳುತ್ತಿದ್ದರು.

ಈಗ ನೋಡಿ. 2019ರಲ್ಲಿ ಸೇನೆ 72,400 ಸಿಗ್ 716 ರೈಫಲ್‌ಗಳಿಗೆ ಆರ್ಡರ್ ಕೊಟ್ಟಿತು. ಗುಂಡು ಯಾವುದು? ಎಸ್‌ಎಲ್‌ಆರ್ ಹಾರಿಸುತ್ತಿದ್ದ ಅದೇ 7.62×51 (ಎರಡನೇ ಅಂಕಿ ಕೇಸಿನ ಉದ್ದ, ಮಿ.ಮೀ.ನಲ್ಲಿ)! ಗಡಿಯಲ್ಲಿ ದೂರಕ್ಕೆ ಬಲವಾಗಿ ಹೊಡೆಯುವ ಗುಂಡು ಬೇಕು ಅಂತ ಮತ್ತೆ ಅನ್ನಿಸಿತು, ಅಲ್ವಾ? ಉಳಿದವರಿಗೆ ಅಮೇಥಿಯ ಕೊರ್ವಾದಲ್ಲಿ ಎಕೆ-203 ತಯಾರಾಗುತ್ತಿದೆ, ಅದರದ್ದು ಗಿಡ್ಡ 7.62×39 ಗುಂಡು. ಎರಡು ಕೆಲಸಕ್ಕೆ ಎರಡು ರೈಫಲ್ ಅಂತ ಒಪ್ಪಿಕೊಂಡಿದ್ದು ನನಗೆ ಸರಿ ಅನ್ನಿಸುತ್ತದೆ. ಒಂದೇ ರೈಫಲ್ ಎಲ್ಲಕ್ಕೂ ಆಗಬೇಕು ಅಂತ ಹೊರಟಾಗಲೇ ಎಸ್‌ಎಲ್‌ಆರ್ ಬಂಕರಿನಲ್ಲಿ ಸೋತಿದ್ದು, ಇನ್ಸಾಸ್ ಹಿಮದಲ್ಲಿ ಸೋತಿದ್ದು.

ಪೊಲೀಸ್ ಕೆಲಸದಲ್ಲಿದ್ದು ಇನ್ನೂ ಎಸ್‌ಎಲ್‌ಆರ್ ಹಿಡಿದಿರುವ ತಮ್ಮಂದಿರಿಗೆ ಒಂದು ಮಾತು. ಖಾಲಿ ಕೇಸು ಸರಿಯಾಗಿ ಹೊರಗೆ ಹಾರದಿದ್ದರೆ ಮೊದಲು ಪಿಸ್ಟನ್ ಶುಚಿ ಮಾಡಿ. ಆಮೇಲೂ ಹಾಗೇ ಇದ್ದರೆ ಮಾತ್ರ, ಪಿಸ್ಟನ್‌ಗೆ ಹೋಗುವ ಗ್ಯಾಸ್ ಹೊಂದಿಸುವ ಗ್ಯಾಸ್ ರೆಗ್ಯುಲೇಟರನ್ನು ಒಂದೊಂದೇ ಹಂತ ಮುಚ್ಚುತ್ತಾ ನೋಡಿ; ಮುಚ್ಚಿದಷ್ಟೂ ಪಿಸ್ಟನ್‌ಗೆ ಗ್ಯಾಸ್ ಜಾಸ್ತಿ. ಒಮ್ಮೆಲೇ ಪೂರ್ತಿ ಮುಚ್ಚಿದರೆ ಒದೆತ ವಿಪರೀತ ಆಗುತ್ತದೆ, ಒಳಗಿನ ಭಾಗಗಳೂ ಬೇಗ ಸವೆಯುತ್ತವೆ.