ತೆಂಗಿನ ಚಿಪ್ಪಿನ ಕಾರ್ಬನ್ ಫಿಲ್ಟರ್, ಮಂಡ್ಯದ ಬೋರ್ ನೀರಿಗೆ ಹೆಂಗಿದೆ?

ನಮ್ದು ಮಂಡ್ಯ, ಬೋರ್ ನೀರು, ಹಳೇ ಪೈಪು, ಸೀಸ ಗೀಸ ಸೇರ್ಕೊಂಡ್ರೆ ಮಕ್ಕಳ ಗತಿ ಏನು ಅಂತ ಸಿಂಕ್ ಕೆಳಗೆ ಕೂರ್ಸೋ ತೆಂಗಿನ ಚಿಪ್ಪಿನ ಕಾರ್ಬನ್ ಬ್ಲಾಕ್ ಫಿಲ್ಟರ್ ಹಾಕ್ಸಿದ್ವಿ. ವಾಸನೆ ಪೂರ್ತಿ ಹೋಯ್ತು, ಕಾಫಿ ರುಚಿನೇ ಬೇರೆ ಆಗಿದೆ. ಶುರುನಲ್ಲಿ ನೀರು ಕಪ್ಪಗೆ ಬರುತ್ತೆ, ಅದು ಕಾರ್ಬನ್ ಪುಡಿ, ತಿಳಿಯಾಗೋವರೆಗೂ ಚೆಲ್ಬಿಡಿ.

ಚಿಪ್ಪನ್ನ ಗಾಳಿ ಆಡದಂಗೆ ಸುಟ್ಟು ಇದ್ದಿಲು ಮಾಡಿ ಆಮೇಲೆ 800-900 ಡಿಗ್ರಿಲಿ ಹಬೆ ಹಾಯಿಸ್ತಾರೆ, ಆಗ ಕಣ್ಣಿಗೆ ಕಾಣದ ತೂತು ಎಷ್ಟಾಗ್ತವೆ ಅಂದ್ರೆ ಒಂದು ಗ್ರಾಂನಲ್ಲೇ ಸುಮಾರು 1000 ಚದರ ಮೀಟರ್ ಮೇಲ್ಮೈ! ಲೋಹ ಅಲ್ಲಿ ಅಂಟ್ಕೊಳುತ್ತೆ. ಕಬ್ಬಿನ ಸಿಪ್ಪೆಯಿಂದ್ಲೂ ಮಾಡ್ಬೋದಂತೆ, ನಮ್ಮ ಕಡೆ ಯಾರಾದ್ರೂ ಶುರು ಮಾಡ್ಲಿ ಅಂತ ಆಸೆ. ಆದ್ರೆ ಎಲ್ಲಾ ಕಾರ್ಬನ್ನೂ ಸೀಸ ಹಿಡಿಯಲ್ಲ, ಎನ್‌ಎಸ್‌ಎಫ್ (ಫಿಲ್ಟರ್‌ಗಳಿಗೆ ಮಾನದಂಡ ಮಾಡೋ ಅಮೆರಿಕದ ಸಂಸ್ಥೆ) 42 ಅಂತ ಫಿಲ್ಟರ್ ಮೇಲೆ ಇದ್ರೆ ಅದು ರುಚಿ, ವಾಸನೆ, ಕ್ಲೋರಿನ್‌ಗಷ್ಟೇ, 53 ಇರ್ಬೇಕು, ಅದ್ರಲ್ಲೂ ಸೀಸದ ಹೆಸರು ಬರ್ದಿದ್ಯಾ ನೋಡ್ಕೊಳಿ.

ಬೇಜಾರಾಗಿದ್ದು ಅಂಗಡಿಯವ್ರು ಟಿಡಿಎಸ್ ಮೀಟರ್ (ನೀರಲ್ಲಿ ಕರಗಿರೋದೆಲ್ಲಾ ಒಟ್ಟಿಗೆ ಎಷ್ಟು ಅಂತ ಅಂದಾಜು ತೋರ್ಸೋದು) ಅದ್ದಿ ‘ನೋಡಿ ಸಾರ್, ಸೀಸ ಇಲ್ಲ’ ಅಂದಿದ್ದು. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಸೀಸ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರ್ದು, ಅಷ್ಟು ಸಣ್ಣದು ಆ ಮೀಟರಲ್ಲಿ ಗೊತ್ತೇ ಆಗಲ್ಲ, ಲ್ಯಾಬಿಗೇ ಕೊಡ್ಬೇಕು. ಜನ ನಂಬಿ ತಗೋತಾರೆ, ಹಿಂಗೆಲ್ಲಾ ಹೇಳ್ಬಾರ್ದು.

ಗಡಸು ನೀರು ಇದ್ರಿಂದ ಮೆತ್ತಗಾಗಲ್ಲ, ಪಾತ್ರೆ ಮೇಲೆ ಬಿಳಿ ಕಲೆ ಹಂಗೇ ಇದೆ, ಫ್ಲೋರೈಡಿಗೂ ಇದನ್ನ ನಂಬ್ಕೋಬೇಡಿ. ಕಾರ್ಟ್ರಿಜ್ ಟೈಮಿಗೆ ಬದಲಾಯ್ಸಿ, ತುಂಬ್ಕೊಂಡ ಮೇಲೆ ಅದು ಲೋಹ ತಡೆಯಲ್ಲ. ನನ್ನ ಕಡೆಯಿಂದ ಫಿಲ್ಟರಿಗೆ 5ಕ್ಕೆ 4, ಅಂಗಡಿಗೆ 2.