ನಾಲ್ಕನೇ ದರ್ಜೆಯ ಇಂಗ್ಲಿಷ್ ವಿಲ್ಲೋ: ಒಂದು ಲೀಗ್ ಋತು ಆಡಿದ ಮೇಲೆ

ಬೆಂಗಳೂರಿನ ವಾರಾಂತ್ಯದ ಕ್ರಿಕೆಟ್ ಲೀಗ್‌ಗಳಲ್ಲಿ ಆರನೇ ಕ್ರಮಾಂಕಕ್ಕೆ ಇಳಿದು ಬ್ಯಾಟ್ ಮಾಡುತ್ತೇನೆ, ಆರಂಭಿಕ ಬೌಲರ್‌ಗಳು ದಣಿದ ಮೇಲೆ ಮಧ್ಯಮ ವೇಗದಲ್ಲಿ ಕೆಲವು ಓವರ್ ಹಾಕುತ್ತೇನೆ. ಈ ಋತುವಿನ ಉದ್ದಕ್ಕೂ ಇಂಗ್ಲಿಷ್ ವಿಲ್ಲೋ ಎಂಬ ಮರದಿಂದ ಮಾಡಿದ ಒಂದೇ ಬ್ಯಾಟ್‌ನಲ್ಲಿ ಆಡಿದ್ದೇನೆ. ನನ್ನ ಮಟ್ಟದ ಆಟಗಾರರಿಗೆ ಮೊದಲೇ ಹೇಳಿಬಿಡುತ್ತೇನೆ: ಮೊದಲ ದರ್ಜೆಯ ಬ್ಯಾಟ್‌ಗೆ ಸಾಲ ಮಾಡಬೇಡಿ. ನಾಲ್ಕನೇ ದರ್ಜೆಯದು ಧಾರಾಳವಾಗಿ ಸಾಕು. ಉಳಿದ ಹಣವನ್ನು ಒಳ್ಳೆಯ ಚೆಂಡಿಗೆ ಹಾಕಿ.

ನನ್ನದು ಮೀರತ್‌ನಲ್ಲಿ ತಯಾರಾದ ಬ್ಯಾಟ್, ಮರ ಮಾತ್ರ ಇಂಗ್ಲೆಂಡಿನದು. ಅಂಗಡಿಯಲ್ಲಿ ದರ್ಜೆ ನಿರ್ಧಾರವಾಗುವುದು ಬಹುಮಟ್ಟಿಗೆ ನೋಟದ ಮೇಲೆ. ಮರದ ಎಳೆಗಳು ನೇರವಾಗಿ, ಒತ್ತಾಗಿ, ಕಲೆಯಿಲ್ಲದೆ ಇದ್ದರೆ ಬೆಲೆ ಮೂರು ಪಟ್ಟು ಏರುತ್ತದೆ. ನನ್ನ ಬ್ಯಾಟ್‌ನಲ್ಲಿ ಎಳೆಗಳು ಅಗಲ, ಬಲಬದಿಗೆ ತುಸು ವಾಲಿವೆ, ಬೆನ್ನಿನ ಮೇಲೆ ಕಂದು ಕಲೆಯೂ ಇದೆ. ಚೆಂಡಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅಗಲ ಎಳೆಯ ಮರ ಪಳಗಲು ಹೆಚ್ಚು ಕಾಲ ಬೇಕು, ಆದರೆ ಬಾಳಿಕೆ ಹೆಚ್ಚು ಎಂದು ಹಳಬರು ಹೇಳುತ್ತಿದ್ದ ಮಾತು ನನ್ನ ಅನುಭವಕ್ಕೂ ಬಂದಿದೆ.

ನಾನು ನೋಡಿದ್ದು ಎರಡೇ: ತೂಕ ಮತ್ತು ಉಬ್ಬು, ಅಂದರೆ ಬ್ಯಾಟ್‌ನ ಬೆನ್ನಿನಲ್ಲಿ ಮರ ಅತಿ ದಪ್ಪಗಿರುವ ಭಾಗ. ತೂಕ ಸುಮಾರು 1,180 ಗ್ರಾಂ. ಉಬ್ಬು ತುದಿಯ ಹತ್ತಿರವಲ್ಲ, ನಡುವಿನಿಂದ ಸ್ವಲ್ಪ ಮೇಲಕ್ಕಿದೆ. ನಮ್ಮ ಪಂದ್ಯಗಳಲ್ಲಿ ಬಹಳಷ್ಟು ತೆಂಗಿನ ನಾರಿನ ಮ್ಯಾಟ್ ಮೇಲೆಯೇ ನಡೆಯುತ್ತವೆ. ಅಲ್ಲಿ ಚೆಂಡು ಮಂಡಿಯ ಮಟ್ಟದಲ್ಲಿ ಬರುವುದು ಅಪರೂಪ, ಸೊಂಟಕ್ಕೆ ಏರುತ್ತದೆ. ಉಬ್ಬು ಕೆಳಗಿರುವ ಬ್ಯಾಟ್ ಹಿಡಿದು ಮ್ಯಾಟ್ ಮೇಲೆ ಆಡುವವರು ಒಳ್ಳೆಯ ಹೊಡೆತಕ್ಕೂ ಒಂದೇ ರನ್ ಪಡೆಯುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಹೊಸ ಬ್ಯಾಟನ್ನು ಆಟಕ್ಕೆ ಪಳಗಿಸುವ ಕೆಲಸದಲ್ಲಿ ಅಡ್ಡದಾರಿ ಇಲ್ಲ. ಪೆಟ್ಟಿಗೆಯ ಮೇಲೆ ‘ಆಟಕ್ಕೆ ಸಿದ್ಧ’ ಎಂದು ಅಚ್ಚಾಗಿದ್ದರೂ ನಂಬಬೇಡಿ. ಹಸಿ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ಮುಖ, ಅಂಚು, ತುದಿಗೆ ತೆಳುವಾಗಿ ಸವರಬೇಕು. ಹಿಡಿಕೆ ಬ್ಯಾಟ್‌ನೊಳಗೆ ಕೂಡುವ ಜಾಗಕ್ಕೆ ಒಂದು ಹನಿಯೂ ತಾಗಬಾರದು, ಅಂಟು ಸಡಿಲವಾಗುತ್ತದೆ. ರಾತ್ರಿಯಿಡೀ ಮಲಗಿಸಿಟ್ಟು ಒಣಗಿಸಿ, ಬಳಿಕ ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿಯಬೇಕು. ಅಂಚನ್ನು ನೇರವಾಗಿ ಬಡಿಯದೆ ಓರೆಯಾಗಿ ಬಡಿದರೆ ಅದು ದುಂಡಗೆ ಒಳಸರಿಯುತ್ತದೆ. ಮೊದಲ ವಾರ ಸುತ್ತಿಗೆಯ ಪ್ರತಿ ಪೆಟ್ಟಿಗೂ ಮರದ ಮೇಲೆ ಸಣ್ಣ ಗುಳಿ ಬೀಳುತ್ತಿತ್ತು. ದಿನ ಕಳೆದಂತೆ ಗುಳಿ ಬೀಳುವುದು ನಿಂತಿತು, ‘ಟಪ್’ ಎಂಬ ಮಂಕು ಸದ್ದು ‘ಠಕ್’ ಎಂಬ ಗಟ್ಟಿ ಸದ್ದಾಯಿತು. ಬ್ಯಾಟ್ ಸಿದ್ಧವಾಗುತ್ತಿರುವುದನ್ನು ಕಿವಿಯೇ ಹೇಳುತ್ತದೆ. ಅದಾದ ಮೇಲೂ ನೇರವಾಗಿ ಹೊಸ ಚೆಂಡಿಗೆ ಒಡ್ಡದೆ, ನೆಟ್ಸ್‌ನಲ್ಲಿ ಹಳೆಯ ಚೆಂಡುಗಳಿಗೆ ಒಡ್ಡಿದೆ.

ಫಲ ಆಟದಲ್ಲಿ ಕಂಡಿತು. ಹಿಂದಿನ ಕಾಶ್ಮೀರ ವಿಲ್ಲೋ ಬ್ಯಾಟ್‌ನಲ್ಲಿ ಚೆಂಡು ನಡುವಿಗೆ ಸಿಗದಿದ್ದರೆ ಬೆರಳುಗಳು ಜುಮ್ಮೆನ್ನುತ್ತಿದ್ದವು, ಚೆಂಡು ಮಿಡಾಫ್ ಕೈಸೇರುತ್ತಿತ್ತು. ಇದರಲ್ಲಿ ಅರ್ಧ ತಪ್ಪಿದ ಹೊಡೆತವೂ ಒಳವೃತ್ತ ದಾಟುತ್ತದೆ. ನನಗೆ ಹೆಚ್ಚು ರನ್ ಕೊಟ್ಟದ್ದು ಹಿಂಗಾಲಿನ ಮೇಲೆ ನಿಂತು ಪಾಯಿಂಟ್ ಮತ್ತು ಕವರ್ ನಡುವೆ ತಳ್ಳುವ ಹೊಡೆತ. ಮೊಣಕೈ ಎತ್ತಿ ತಳ್ಳಿದರೆ ಸಾಕು, ಬೀಸುವುದೇ ಬೇಡ. ಅಂಚೂ ದಪ್ಪ. ಕ್ರಿಕೆಟ್‌ನ 2017ರ ನಿಯಮಾವಳಿಯಂತೆ ಅಂಚು 40 ಮಿ.ಮೀ. ಮೀರುವಂತಿಲ್ಲ, ನನ್ನದು ಅದಕ್ಕೆ ತುಸು ಕಡಿಮೆ. ಸ್ಲಿಪ್ ತಲೆಯ ಮೇಲಿಂದ ಹಾರಿ ಬೌಂಡರಿ ಸೇರಿದ ಚೆಂಡುಗಳ ಪುಣ್ಯ ಅಂಚಿಗೇ ಸಲ್ಲಬೇಕು.

ಕೊರತೆ ತುದಿಯಲ್ಲಿ ಕಾಣಿಸಿತು. ಬೆಳಗಿನ ಪಂದ್ಯಗಳಲ್ಲಿ ಇಬ್ಬನಿ ಹೀರಿ ತುದಿ ಉಬ್ಬಿತು, ಎಳೆಯ ಗುಂಟ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ರಬ್ಬರ್ ಗಾರ್ಡ್ ಅಂಟಿಸಿ, ನಾರಿನ ಟೇಪ್ ಸುತ್ತಿದ ಮೇಲೆ ಬಿರುಕು ಬೆಳೆದಿಲ್ಲ. ಖರೀದಿಸಿದ ದಿನವೇ ಗಾರ್ಡ್ ಹಾಕಿಸಿಕೊಳ್ಳಿ. ಮುಖದ ಮೇಲಿನ ಸಣ್ಣ ಸೀಳುಗಳಿಗೆ ಹೆದರಬೇಕಿಲ್ಲ, ಆಡಿದ ಬ್ಯಾಟ್‌ಗೆ ಅವು ಸಹಜ.

ಇನ್ನು ಚೆಂಡು. ಇಲ್ಲಿ ಕ್ಲಬ್‌ಗಳು ಮಾಡುವ ಉಳಿತಾಯದ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ನಿಯಮದಂತೆ ಪುರುಷರ ಚೆಂಡಿನ ತೂಕ 155.9ರಿಂದ 163 ಗ್ರಾಂ ಇರಬೇಕು. ಅಭ್ಯಾಸಕ್ಕೆಂದು ಕೊಟ್ಟ ಅಗ್ಗದ ಎರಡು ತುಂಡು ಚರ್ಮದ ಚೆಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 150 ಗ್ರಾಂ ಕೂಡ ತೂಗಲಿಲ್ಲ. ಕೆಲವೇ ಓವರ್‌ಗಳಲ್ಲಿ ಅದು ಮೊಟ್ಟೆಯ ಆಕಾರಕ್ಕೆ ತಿರುಗಿತು, ಹೊಲಿಗೆ ಚಪ್ಪಟೆಯಾಯಿತು. ಅಂಥ ಚೆಂಡಿನಲ್ಲಿ ಕಲಿಯುವ ಹುಡುಗನಿಗೆ ಸೀಮ್, ಅಂದರೆ ಎದ್ದ ಹೊಲಿಗೆಯ ಸಾಲು, ಹಿಡಿಯುವುದು ಹೇಗೆಂದು ತಿಳಿಯುವುದಾದರೂ ಹೇಗೆ?

ಕೈಹೊಲಿಗೆಯ ನಾಲ್ಕು ತುಂಡಿನ ಚೆಂಡು ಬೆರಳಿಗೆ ಬಂದಾಗಲೇ ವ್ಯತ್ಯಾಸ ಗೊತ್ತಾಗುತ್ತದೆ. ಸೀಮ್ ಎದ್ದು ನಿಂತಿರುತ್ತದೆ, ತೋರುಬೆರಳು ಮತ್ತು ನಡುಬೆರಳಿನ ತುದಿ ದಾರದ ಮೇಲೆ ಸರಿಯಾಗಿ ಕೂರುತ್ತವೆ. ಹುಲ್ಲಿನ ಮೈದಾನದಲ್ಲಿ ಒಂದು ಬದಿಯ ಹೊಳಪು ಉಳಿಸಿಕೊಂಡು ಹೋದರೆ ಇಪ್ಪತ್ತನೇ ಓವರ್ ದಾಟಿದ ಮೇಲೂ ಚೆಂಡು ಹೊರಕ್ಕೆ ವಾಲುತ್ತಿತ್ತು. ಉಜ್ಜಲು ಬೆವರು ಮಾತ್ರ ಬಳಸಿ; 2022ರ ನಿಯಮಾವಳಿ ಎಂಜಲನ್ನು ನಿಷೇಧಿಸಿದೆ. ಮ್ಯಾಟ್ ಮೇಲೆ ಮಾತ್ರ ಈ ಲಾಭ ಬೇಗ ಕರಗುತ್ತದೆ, ನಾರು ಚರ್ಮವನ್ನು ತರಚಿಬಿಡುತ್ತದೆ. ಅಲ್ಲಿ ಹೊಳಪು ಮರೆತು ಬೆರಳನ್ನು ಸೀಮ್‌ಗೆ ಅಡ್ಡವಾಗಿ ಎಳೆದು ಕಟರ್ ಹಾಕಿದೆ. ಮ್ಯಾಟ್ ಕಚ್ಚಿ ತಿರುಗಿಸಿತು, ಹೆಚ್ಚಿನ ವಿಕೆಟ್‌ಗಳು ಬಂದದ್ದೂ ಹೀಗೆಯೇ.

ಟೆನಿಸ್ ಚೆಂಡಿನಲ್ಲಿ ಮಾತ್ರ ಆಡುವವರಿಗೆ ಈ ಬ್ಯಾಟ್ ದಂಡ, ಕಾಶ್ಮೀರ ವಿಲ್ಲೋ ಸಾಕು. ಚರ್ಮದ ಚೆಂಡಿನ ಲೀಗ್ ಆಡುವವರು ಹತ್ತು ಸಾವಿರದೊಳಗಿನ ಇಂಥ ಬ್ಯಾಟನ್ನು ಕಣ್ಣುಮುಚ್ಚಿ ಕೊಳ್ಳಬಹುದು. ನನ್ನದರ ಹಿಡಿಕೆಯ ರಬ್ಬರ್ ಈಗ ಸವೆದಿದೆ. ಅದನ್ನು ಬದಲಿಸಿ, ತೆಳುವಾಗಿ ಒಮ್ಮೆ ಎಣ್ಣೆ ಸವರಿ, ಮುಂದಿನ ಋತುವಿಗೂ ಇದನ್ನೇ ಇಟ್ಟುಕೊಳ್ಳುತ್ತಿದ್ದೇನೆ.